ಕಟ್ ಇಲ್ಲದೆ ಮುಖ ಬದಲಾಗುವುದು: ಕೆಂಪು-ಹಸಿರು ಬೆಳಕಿನ ತಂತ್ರ, ನನ್ನ ಅನುಭವ

1931ರ ‘ಡಾ. ಜೆಕಿಲ್ ಆ್ಯಂಡ್ ಮಿಸ್ಟರ್ ಹೈಡ್’ ಚಿತ್ರದಲ್ಲಿ ನಟ ಫ್ರೆಡ್ರಿಕ್ ಮಾರ್ಚ್ ಮುಖ ಮೊದಲ ಸಲ ಬದಲಾಗತೊಡಗುವಾಗ ಕಟ್ ಇಲ್ಲ, ಡಿಸಾಲ್ವ್ (ಒಂದು ಶಾಟ್ ಕರಗಿ ಇನ್ನೊಂದಾಗುವುದು) ಇಲ್ಲ. ನೋಡನೋಡುತ್ತಲೇ ಮುಖಕ್ಕೆ ಕಪ್ಪು ಏರುತ್ತದೆ. ಹಳೆಯ ಕಪ್ಪು-ಬಿಳುಪು ಹಾರರ್ ಇಂದಿಗೂ ಮೈ ಜುಮ್ಮೆನಿಸುವುದು ಇಂಥ ಜಾಗಗಳಲ್ಲೇ. ಕ್ಯಾಮೆರಾ ಎದುರೇ ನಡೆದದ್ದಾದ್ದರಿಂದ ಹೊಲಿಗೆ ಕಾಣುವುದಿಲ್ಲ. ನಿರ್ದೇಶಕ ರೂಬೆನ್ ಮಮೂಲಿಯನ್ ಈ ಗುಟ್ಟನ್ನು ದಶಕಗಳ ಕಾಲ ಬಿಟ್ಟುಕೊಡಲಿಲ್ಲ.

ತತ್ವ ಸರಳ. ನಟನ ಮುಖದ ಮೇಲೆ ಮೊದಲೇ ಕೆಂಪು ಬಣ್ಣದ ಗೆರೆ ಬಳಿದಿರುತ್ತದೆ. ಕೆಂಪು ಬೆಳಕಿನಲ್ಲಿ ಚರ್ಮವೂ ಕೆಂಪು ಬಣ್ಣವೂ ಒಂದೇ ಸಮ ಹೊಳೆಯುತ್ತವೆ, ಹಾಗಾಗಿ ಮೇಕಪ್ ಕಾಣುವುದಿಲ್ಲ. ಹಸಿರು ಬೆಳಕನ್ನು ಕೆಂಪು ಬಣ್ಣ ಹೀರಿಕೊಳ್ಳುತ್ತದೆ, ಆಗ ಅದೇ ಗೆರೆ ಕಪ್ಪಾಗುತ್ತದೆ. ಛಾಯಾಗ್ರಾಹಕ ಕಾರ್ಲ್ ಸ್ಟ್ರಸ್ ಇದನ್ನು ಬಣ್ಣದ ಫಿಲ್ಟರ್‌ಗಳಿಂದ ಸಾಧಿಸಿದರು. ಕೆಂಪನ್ನೂ ಗ್ರಹಿಸುವ ಪ್ಯಾಂಕ್ರೋಮ್ಯಾಟಿಕ್ ಫಿಲ್ಮ್ ಇದ್ದದ್ದರಿಂದಲೇ ಅದು ಸಾಧ್ಯವಾಯಿತು. ಅದಕ್ಕೂ ಹಿಂದಿನ ಆರ್ಥೋಕ್ರೋಮ್ಯಾಟಿಕ್ ಫಿಲ್ಮ್‌ಗೆ ಕೆಂಪೆಂದರೆ ಯಾವಾಗಲೂ ಕಪ್ಪೇ. ಮೂಕಿ ಚಿತ್ರಗಳಲ್ಲಿ ತುಟಿಗಳು ಅಷ್ಟು ಕಪ್ಪಾಗಿ ಕಾಣಲು ಇದೂ ಒಂದು ಕಾರಣ.

ಇದನ್ನೇ ಮಾಡಿ ನೋಡಲು ನಾನು ಫಿಲ್ಟರ್ ಬಿಟ್ಟು ಬಣ್ಣ ಬದಲಿಸಬಲ್ಲ ಎರಡು ಎಲ್‌ಇಡಿ ಲೈಟ್ ಬಳಸಿದೆ, ಒಂದು ಕೆಂಪು, ಇನ್ನೊಂದು ಹಸಿರು. ಎರಡನ್ನೂ ಒಂದರ ಮೇಲೊಂದು ಅಂಟಿಸಿದಂತೆ ಕಟ್ಟಿ, ಮುಖದಿಂದ ಒಂದೂವರೆ ಮೀಟರ್ ದೂರದಲ್ಲಿ, ಬೆಳಕನ್ನು ಮೃದುವಾಗಿ ಹರಡುವ ಒಂದೇ ಡಿಫ್ಯೂಷನ್ ಬಟ್ಟೆಯ ಹಿಂದೆ ಇಟ್ಟೆ. ಅಕ್ಕಪಕ್ಕ ದೂರ ಇಟ್ಟರೆ ಬಣ್ಣ ಬದಲಾಗುವಾಗ ಮೂಗಿನ ನೆರಳು ಜರುಗುತ್ತದೆ, ಅಲ್ಲಿಗೆ ಆಟ ಮುಗಿಯಿತು. ಕೋಣೆಯಲ್ಲಿ ಬಿಳಿ ಬೆಳಕು ಸ್ವಲ್ಪವೂ ಇರಕೂಡದು. ಬಾಗಿಲ ಸಂದಿನಿಂದ ಸೋರಿದರೂ ಕೆಂಪಿನಲ್ಲಿ ಗೆರೆಗಳು ಮಸುಕಾಗಿ ಇಣುಕುತ್ತವೆ.

ಹೆಚ್ಚು ಸಮಯ ಹಿಡಿದದ್ದು ಮೇಕಪ್. ಬಣ್ಣ ಕಿತ್ತಳೆ ಕಡೆಗೆ ವಾಲುವ ಕೆಂಪಾಗಿರಬೇಕು. ಮರೂನ್ ಆದರೆ ಕೆಂಪು ಬೆಳಕಿನಲ್ಲೂ ಬೂದು ಕಲೆ ಉಳಿಯುತ್ತದೆ. ಕಣ್ಣ ಕೆಳಗಿನ ಗುಳಿ, ಕೆನ್ನೆಯ ಗುಳಿ, ಮೂಗಿನಿಂದ ಬಾಯಂಚಿಗೆ ಇಳಿಯುವ ಎರಡು ಗೆರೆ, ಹಣೆಯ ನರಗಳು, ಇಷ್ಟೇ ಸಾಕು. ತೆಳ್ಳಗೆ ಹಚ್ಚಿ ಅಂಚನ್ನು ಒಣ ಸ್ಪಂಜಿನಿಂದ ಹರಡಿ, ಮೇಲೆ ಬಣ್ಣವಿಲ್ಲದ ಪೌಡರ್ ತಟ್ಟಿ. ದಪ್ಪಗೆ ಬಳಿದರೆ ಪಕ್ಕದ ಬೆಳಕಿಗೆ ಉಬ್ಬು ಕಾಣುತ್ತದೆ, ಎಣ್ಣೆ ಜಿಡ್ಡಿದ್ದರೆ ಯಾವ ಬೆಳಕಿನಲ್ಲೂ ಮಿನುಗುತ್ತದೆ. ಕಪ್ಪು ಮೈಬಣ್ಣದ ನಟರಿಗೆ ಶುದ್ಧ ಕೆಂಪು ಹಚ್ಚಿದರೆ ಕೆಂಪು ಬೆಳಕಿನಲ್ಲಿ ಬಿಳಿಚಿದ ಪಟ್ಟೆಯಾಗಿ ಕಾಣುತ್ತದೆ. ಅದಕ್ಕೆ ಕಂದು ಬಣ್ಣವನ್ನು ಚೂರುಚೂರಾಗಿ ಬೆರೆಸುತ್ತಾ, ಕೆಂಪು ಬೆಳಕಿನಲ್ಲಿ ಪೂರ್ತಿ ಮಾಯವಾಗುವವರೆಗೆ ಪರೀಕ್ಷಿಸಬೇಕು. ಕನ್ನಡಿಯನ್ನು ನಂಬಬೇಡಿ. ಕ್ಯಾಮೆರಾ ಮಾನಿಟರ್ ಮಾತ್ರ ಸತ್ಯ ಹೇಳುತ್ತದೆ.

ಎಕ್ಸ್‌ಪೋಷರ್‌ನಲ್ಲಿ ಒಂದು ಬಲೆ ಇದೆ. ಕ್ಯಾಮೆರಾದ ಮೊನೊಕ್ರೋಮ್ (ಕಪ್ಪು-ಬಿಳುಪು) ಮೋಡ್ ಹಸಿರಿಗೆ ಹೆಚ್ಚು, ಕೆಂಪಿಗೆ ಕಡಿಮೆ ತೂಕ ಕೊಡುತ್ತದೆ. ಸಾಮಾನ್ಯ ಎಚ್‌ಡಿ ಮಾನದಂಡದಲ್ಲಿ ಕೆಂಪಿನ ಪಾಲು ಸುಮಾರು 21%, ಹಸಿರಿನದು 72%. ಆದ್ದರಿಂದ ಕೆಂಪು ಚಾನೆಲ್ (ಚಿತ್ರದ ಕೆಂಪು ಭಾಗದ ಮಾಹಿತಿ) ಪೂರ್ತಿ ಕ್ಲಿಪ್ ಆದರೂ, ಅಂದರೆ ತನ್ನ ಗರಿಷ್ಠ ಮಿತಿ ಮುಟ್ಟಿದರೂ, ಚಿತ್ರ ಕತ್ತಲಾಗಿಯೇ ಕಾಣುತ್ತದೆ. ಬೆಳಕು ಸಾಲದೆಂದು ಏರಿಸುತ್ತಾ ಹೋದರೆ ಮುಖದ ವಿವರವೆಲ್ಲ ಸುಟ್ಟುಹೋಗುತ್ತದೆ. ಹಾಗಾಗಿ ರಾ ಅಥವಾ ಲಾಗ್‌ನಲ್ಲಿ (ಬೆಳಕಿನ ವಿವರವನ್ನು ಹೆಚ್ಚು ಉಳಿಸುವ ರೆಕಾರ್ಡಿಂಗ್ ವಿಧಾನಗಳು) ಬಣ್ಣದಲ್ಲೇ ಚಿತ್ರಿಸಿ. ಗ್ರೇ ಕಾರ್ಡ್ (ಬೆಳಕು ಅಳೆಯಲು ಬಳಸುವ ಬೂದು ಹಲಗೆ) ಹಿಡಿದು, ಆರ್‌ಜಿಬಿ ಪರೇಡ್ (ಕೆಂಪು, ಹಸಿರು, ನೀಲಿ ಮಟ್ಟಗಳನ್ನು ಬೇರೆಬೇರೆ ತೋರಿಸುವ ಗ್ರಾಫ್) ನೋಡುತ್ತಾ, ಕೆಂಪು ಬೆಳಕಿನಲ್ಲಿ ಕೆಂಪು ಚಾನೆಲ್ 40%, ಹಸಿರು ಬೆಳಕಿನಲ್ಲಿ ಹಸಿರು ಚಾನೆಲ್ 40% ಬರುವಂತೆ ಹೊಂದಿಸಿ. ಎಡಿಟಿಂಗ್‌ನಲ್ಲಿ ಚಿತ್ರವನ್ನು ಲೀನಿಯರ್‌ಗೆ (ನಿಜವಾದ ಬೆಳಕಿನ ಪ್ರಮಾಣಕ್ಕೆ) ತಿರುಗಿಸಿ, ಅದನ್ನು ಕಪ್ಪು-ಬಿಳುಪಾಗಿಸಲು ಚಾನೆಲ್ ಮಿಕ್ಸರ್ ಇಟ್ಟು ಕೆಂಪು 100, ಹಸಿರು 100, ನೀಲಿ 0 ಕೊಡಿ. ವೈಟ್ ಬ್ಯಾಲೆನ್ಸ್, ಐಎಸ್‌ಒ, ಶಟರ್, ಫೋಕಸ್ ಯಾವುದೂ ಆಟೊದಲ್ಲಿ ಇರಬಾರದು.

ಕೆಂಪು ಬೆಳಕು ಇಳಿಯುತ್ತಾ ಹಸಿರು ಏರಲು ನಾನು ಕೊಟ್ಟ ಅವಧಿ ಏಳು ಸೆಕೆಂಡು. ಡಿಮ್ಮರ್ ಕರ್ವ್ ಲೀನಿಯರ್ ಆಗಿರಲಿ, ಅಂದರೆ ಬೆಳಕು ಒಂದೇ ಸಮ ಇಳಿದು ಏರಲಿ, ಇಲ್ಲವಾದರೆ ನಡುವೆ ಚಿತ್ರದ ಹೊಳಪು ಏರುಪೇರಾಗುತ್ತದೆ. ಗ್ರೇ ಕಾರ್ಡ್ ಮೇಲೆ ಒಮ್ಮೆ ಪೂರ್ತಿ ಓಡಿಸಿ ನೋಡಿ, ಅದರ ಹೊಳಪು ಮೊದಲಿನಿಂದ ಕೊನೆಯವರೆಗೆ ಅಲುಗಬಾರದು. ಬಟ್ಟೆ, ಗೋಡೆ ಕಪ್ಪು, ಬೂದು, ಬಿಳಿ ಮಾತ್ರ. ಮೊದಲ ಪರೀಕ್ಷೆಯಲ್ಲಿ ಹಿಂದಿದ್ದ ಕಂದು ಮರದ ಬಾಗಿಲು ಮುಖದ ಜೊತೆಗೇ ಕಪ್ಪಾಗಿ ಗುಟ್ಟು ರಟ್ಟು ಮಾಡಿತು.

ಬಿಳಿ ಬೆಳಕಿನಲ್ಲಿ ಚಿತ್ರಿಸಿ, ಎಡಿಟಿಂಗ್‌ನಲ್ಲೇ ಕೆಂಪು ಚಾನೆಲ್‌ನಿಂದ ಹಸಿರಿಗೆ ಸರಿದರೂ ಮುಖದ ಮಟ್ಟಿಗೆ ಹೆಚ್ಚು ಕಡಿಮೆ ಇದೇ ಫಲಿತಾಂಶ ಸಿಗುತ್ತದೆ. ಆದರೂ ನಾನು ಬೆಳಕನ್ನೇ ಆರಿಸುತ್ತೇನೆ. ಬೆಳಕು ಬದಲಾಗುವುದು ನಟನ ಕಣ್ಣಿಗೇ ಕಾಣುತ್ತದೆ, ಉಸಿರು ಬಿಗಿಹಿಡಿಯುವ ಗಳಿಗೆ ಅದಕ್ಕೆ ಕೂಡಿಕೊಳ್ಳುತ್ತದೆ. ಇದರಿಂದ ನೆರಳನ್ನು ಸೇರಿಸಬಹುದೇ ಹೊರತು ಮುಖದ ಆಕಾರ ಬದಲಿಸಲಾಗದು. ಹಲ್ಲು, ಕೂದಲು ಬೇಕಿದ್ದರೆ ಕ್ಯಾಮೆರಾವನ್ನು ಕೈಗಳತ್ತ ಇಳಿಸಿ, ಅಲ್ಲಿ ಕಟ್ ಅಡಗಿಸಬೇಕು. ಹಸಿರು ಪೂರ್ತಿ ಏರಿದ ಮೇಲೆ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಬೇಡಿ, ಅಷ್ಟರೊಳಗೆ ಕಣ್ಣು ಬಣ್ಣದ ಅಂಚು ಹುಡುಕಲು ಶುರುಮಾಡುತ್ತದೆ.