ಮಲೆನಾಡಿನಲ್ಲೇ ಎಂ.ಕಾಂ: ಸೇರುವುದು ಹೇಗೆ, ಓದುವುದು ಹೇಗೆ

ಬಿ.ಕಾಂ ಫಲಿತಾಂಶ ಬಂದ ಕೂಡಲೇ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಒಂದೇ ಮಾತು: ಮುಂದೇನು? ಕೆಲಸ ಸಿಗುವ ತನಕ ಎಂ.ಕಾಂ ಮಾಡಿದರಾಯ್ತು ಅಂತ ಎಷ್ಟೋ ಮಕ್ಕಳು ಸೇರಿಬಿಡುತ್ತಾರೆ. ಹಾಗೆ ಸೇರಬೇಡಿ. ಎರಡು ವರ್ಷ, ನಾಲ್ಕು ಸೆಮಿಸ್ಟರ್ ಅಂದರೆ ಚಿಕ್ಕ ಅವಧಿ ಅಲ್ಲ. ಮನೆಯವರ ದುಡ್ಡೂ ಅದರಲ್ಲಿ ಹೋಗುತ್ತದೆ. ಸರಿಯಾಗಿ ಓದಿದರೆ ಲೆಕ್ಕಶಾಸ್ತ್ರದಷ್ಟು ನಮ್ಮ ಊರಿಗೆ ಒದಗುವ ವಿದ್ಯೆ ಕಡಿಮೆ.

ಯಾವ ಕೆಲಸಕ್ಕೆ ಅಂತ ಮೊದಲು ತೀರ್ಮಾನಿಸಿ

ಪಾಠ ಮಾಡುವ ಆಸೆ ಇದ್ದರೆ ಎಂ.ಕಾಂ ಬೇಕೇ ಬೇಕು. ಡಿಗ್ರಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರದಲ್ಲಿ ಶೇ 55 ಅಂಕ ಬೇಕು. ಮೀಸಲಾತಿ ವರ್ಗದವರಿಗೆ ಶೇ 50 ಸಾಕು. ಜೊತೆಗೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಯುಜಿಸಿ ನೆಟ್ ಅಥವಾ ರಾಜ್ಯದ ಕೆ-ಸೆಟ್ ಪಾಸಾಗಿರಬೇಕು. ಪಿಯು ಉಪನ್ಯಾಸಕರಾಗುವವರಿಗೆ ಎಂ.ಕಾಂ ಜೊತೆಗೆ ಬಿ.ಎಡ್ ಬೇಕು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮೊದಲ ಸೆಮಿಸ್ಟರ್‌ನಲ್ಲಿ ಸಡಿಲ ಬಿಟ್ಟು ಕೊನೆಗೆ ಶೇ 53ಕ್ಕೆ ನಿಂತರೆ ಪದವಿ ಕೈಯಲ್ಲಿರುತ್ತದೆ, ಆದರೆ ಅರ್ಜಿ ಹಾಕುವ ಹಕ್ಕು ಇರುವುದಿಲ್ಲ. ಮೊದಲ ದಿನದಿಂದಲೇ ಈ ಗೆರೆ ನೆನಪಿರಲಿ.

ಸಿಎ ಆಗಬೇಕು ಅನ್ನುವವರ ದಾರಿ ಬೇರೆ. ಬಿ.ಕಾಂನಲ್ಲಿ ಶೇ 55 ಬಂದಿದ್ದರೆ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗಿನ ತರಬೇತಿ, ಎರಡು ವರ್ಷ. ಅದರ ಜೊತೆ ಇನ್ನೊಂದು ಕೋರ್ಸ್ ಮಾಡಲು ಸಿಎ ಸಂಸ್ಥೆಯ ಅನುಮತಿ ಬೇಕು, ಕಚೇರಿ ಸಮಯಕ್ಕೆ ತರಗತಿ ಅಡ್ಡ ಬರಬಾರದು. ಹಾಗಾಗಿ ಹಗಲು ತರಗತಿಯ ಎಂ.ಕಾಂ ಮತ್ತು ಆರ್ಟಿಕಲ್‌ಶಿಪ್ ಎರಡನ್ನೂ ಒಟ್ಟಿಗೆ ಎಳೆಯಲು ಹೋಗಬೇಡಿ, ದೂರಶಿಕ್ಷಣ ಹೊಂದುತ್ತದೆ. 2021ರಲ್ಲಿ ಯುಜಿಸಿ ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ಐಸಿಡಬ್ಲ್ಯೂಎ (ಕಾಸ್ಟ್ ಅಕೌಂಟೆಂಟ್) ಅರ್ಹತೆಗಳನ್ನು ಸ್ನಾತಕೋತ್ತರ ಪದವಿಗೆ ಸಮ ಅಂತ ಪರಿಗಣಿಸಿದೆ ಅನ್ನುವುದೂ ತಿಳಿದಿರಲಿ. ಇನ್ನು ಬ್ಯಾಂಕ್ ಅಥವಾ ಎಫ್‌ಡಿಎ ಪರೀಕ್ಷೆಯಷ್ಟೇ ಗುರಿಯಾದರೆ ಬಿ.ಕಾಂ ಸಾಕು. ಎರಡು ವರ್ಷ ಆ ಪರೀಕ್ಷೆಗೇ ಕೊಡಿ.

ಎಲ್ಲಿ ಸೇರುವುದು

ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಶುರುವಾಯಿತು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳು ಅದರ ವ್ಯಾಪ್ತಿಗೆ ಬರುತ್ತವೆ. ಮುಖ್ಯ ಆವರಣ ಜ್ಞಾನ ಸಹ್ಯಾದ್ರಿ ಇರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಭದ್ರಾ ಅಣೆಕಟ್ಟಿನ ಹತ್ತಿರ. ಗ್ರಂಥಾಲಯ, ಹಾಸ್ಟೆಲ್ ಎಲ್ಲ ಅಲ್ಲೇ ಇರುವುದರಿಂದ ನೆಟ್‌ಗೆ ಕೂತು ಓದುವವರಿಗೆ ನಾನು ಅದನ್ನೇ ಹೇಳುತ್ತೇನೆ. ಮನೆಯಿಂದಲೇ ಓಡಾಡಬೇಕಾದವರಿಗೆ ಶಿವಮೊಗ್ಗ ನಗರದಲ್ಲೂ ಎಂ.ಕಾಂ ಇರುವ ಕಾಲೇಜುಗಳಿವೆ. ಬಸ್ಸಿನ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಎಷ್ಟೋ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸುಗಳೇ ಅಲ್ವಾ?

ಕೆಲಸದಲ್ಲಿರುವವರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೋ ಇವೆ. ಎಲ್ಲೇ ಆಗಲಿ, ಆ ಕೋರ್ಸಿಗೆ ಆ ವರ್ಷ ಯುಜಿಸಿ ದೂರಶಿಕ್ಷಣ ಬ್ಯೂರೋದ ಮಾನ್ಯತೆ ಇದೆಯೇ ಅಂತ ನೋಡಿಕೊಂಡೇ ಶುಲ್ಕ ಕಟ್ಟಿ.

ಅರ್ಜಿ ಮತ್ತು ಕಾಗದಪತ್ರ

ಅರ್ಜಿ ಆನ್‌ಲೈನ್‌ನಲ್ಲಿ, ರಾಜ್ಯದ ಯುಯುಸಿಎಂಎಸ್ ಪೋರ್ಟಲ್ ಮೂಲಕ. ಆ ವರ್ಷದ ಪ್ರಕಟಣೆಯನ್ನು ಕೊನೆಯ ಪುಟದವರೆಗೂ ಓದಿ. ಅರ್ಹತೆಯ ಅಂಕ, ಸೀಟು, ಕೊನೆಯ ದಿನ ಎಲ್ಲ ಅದರಲ್ಲಿರುತ್ತದೆ. ಮಳೆಗಾಲದಲ್ಲಿ ಹೊಸನಗರ, ಆಗುಂಬೆ ಕಡೆ ಕರೆಂಟು ಹೋದರೆ ನೆಟ್‌ವರ್ಕೂ ಹೋಯಿತು. ಆದ್ದರಿಂದ ಕೊನೆಯ ದಿನದವರೆಗೆ ಕಾಯಬೇಡಿ. ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮುಂಚೆಯೇ ಮಾಡಿಸಿಡಿ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿಗೂ ಅದರ ಆರ್‌ಡಿ ಸಂಖ್ಯೆ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ಬಂದು ಸೇರುವುದಿಲ್ಲ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆ ಇದೆ, ಅದಕ್ಕೂ ಅರ್ಜಿ ಹಾಕಿ.

ತೋಟವನ್ನು ಕಣ್ಣೆದುರು ಇಟ್ಟುಕೊಂಡು ಓದಿ

ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಕಾಸ್ಟ್ ಅಕೌಂಟಿಂಗ್ ಪುಸ್ತಕಗಳಲ್ಲಿ ಉದಾಹರಣೆ ಯಾವಾಗಲೂ ಯಾವುದೋ ಕಾರ್ಖಾನೆಯದ್ದು. 'ಎಕ್ಸ್' ವಸ್ತು, 'ವೈ' ವಸ್ತು ಅಂತ ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿಯುತ್ತಲೇ ಮರೆತುಹೋಗುತ್ತದೆ. ಅಡಿಕೆ ಮನೆಯಲ್ಲಿ ಬೆಳೆದ ನಿಮಗೆ ಆ ಲೆಕ್ಕ ಆಗಲೇ ಗೊತ್ತಿದೆ, ಹೆಸರು ಮಾತ್ರ ಗೊತ್ತಿಲ್ಲ.

ಹಸಿ ಅಡಿಕೆ ಸುಲಿಯುತ್ತೇವೆ, ಬೇಯಿಸುತ್ತೇವೆ, ಒಣಗಿಸುತ್ತೇವೆ. ಒಂದು ಹಂತದ ಖರ್ಚು ಮುಂದಿನ ಹಂತಕ್ಕೆ ಸೇರುತ್ತಾ ಹೋಗುತ್ತದೆ. ಪ್ರೊಸೆಸ್ ಕಾಸ್ಟಿಂಗ್ ಅಂದರೆ ಇದೇ. ಒಣಗಿದಾಗ ತೂಕ ಇಳಿಯುವುದು ಸಹಜ. ಅದು ನಾರ್ಮಲ್ ಲಾಸ್, ಅದರ ಖರ್ಚನ್ನು ಉಳಿದ ಒಳ್ಳೆಯ ಅಡಿಕೆಯೇ ಹೊರಬೇಕು. ಆದರೆ ಅಕಾಲದ ಮಳೆ ಬಂದು ಅಂಗಳದಲ್ಲಿದ್ದ ಒಂದು ಚೀಲ ಬೂಷ್ಟು ಹಿಡಿದರೆ ಅದು ಅಬ್‌ನಾರ್ಮಲ್ ಲಾಸ್. ಅದನ್ನು ಒಳ್ಳೆಯ ಅಡಿಕೆಯ ಬೆಲೆಗೆ ಸೇರಿಸುವಂತಿಲ್ಲ, ನೇರ ಕಾಸ್ಟಿಂಗ್ ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಒಂದೇ ತೋಟದಿಂದ ಬೇರೆ ಬೇರೆ ದರ್ಜೆಯ ಅಡಿಕೆ ಬರುತ್ತದೆ: ರಾಶಿಯೂ ಬರುತ್ತದೆ, ಬೆಟ್ಟೆಯೂ ಬರುತ್ತದೆ, ಗೊರಬಲೂ ಬರುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಖರ್ಚಿನಲ್ಲಿ ಯಾವುದರ ಪಾಲು ಎಷ್ಟು? ತೂಕದ ಮೇಲೆ ಹಂಚಿದರೆ ಒಂದು ಉತ್ತರ, ಮಾರುಕಟ್ಟೆ ಬೆಲೆಯ ಮೇಲೆ ಹಂಚಿದರೆ ಇನ್ನೊಂದು. ಜಾಯಿಂಟ್ ಕಾಸ್ಟ್ ಅಧ್ಯಾಯ ಪೂರ್ತಿ ಈ ಪ್ರಶ್ನೆಯ ಸುತ್ತವೇ ತಿರುಗುತ್ತದೆ.

ಇಂಡ್ ಎಎಸ್ (ಕಂಪನಿ ಲೆಕ್ಕದ ಭಾರತೀಯ ಮಾನದಂಡಗಳು) ಅಂದರೆ ಹೆದರುವವರು ಜಾಸ್ತಿ. ಅಲ್ಲಿಗೂ ತೋಟವೇ ಸಾಕು. ನಮ್ಮ ಮನೆಯ ಲೆಕ್ಕಕ್ಕೆ ಈ ಮಾನದಂಡ ಅನ್ವಯಿಸುವುದಿಲ್ಲ. ತೋಟ ಒಂದು ದೊಡ್ಡ ಕಂಪನಿಯದ್ದು ಅಂದುಕೊಳ್ಳಿ. ಅಡಿಕೆ ಮರ ವರ್ಷ ವರ್ಷ ಫಸಲು ಕೊಡುತ್ತದೆ, ಮರವನ್ನೇ ಮಾರುವುದಿಲ್ಲ. ಅದಕ್ಕೇ ಮರ ಯಂತ್ರ, ಕಟ್ಟಡಗಳ ಸಾಲಿಗೆ, ಇಂಡ್ ಎಎಸ್ 16ಕ್ಕೆ ಸೇರುತ್ತದೆ. ಫಸಲಿಗೆ ಬರುವವರೆಗಿನ ಖರ್ಚು ಆಸ್ತಿಗೆ ಸೇರುತ್ತದೆ, ಆಮೇಲೆ ವರ್ಷ ವರ್ಷ ಸವಕಳಿ. ಮರದ ಮೇಲೆ ಬೆಳೆಯುತ್ತಿರುವ ಅಡಿಕೆ ಗೊನೆ ಮಾತ್ರ ಇಂಡ್ ಎಎಸ್ 41ರ ಜೈವಿಕ ಆಸ್ತಿ. ಅದಕ್ಕೆ ನ್ಯಾಯಯುತ ಮೌಲ್ಯದಲ್ಲಿ ಮಾರುವ ಖರ್ಚು ಕಳೆದು ಬೆಲೆ ಕಟ್ಟುತ್ತಾರೆ. ಕೊಯ್ದ ಗಳಿಗೆಯ ಆ ಬೆಲೆಯೇ ಮುಂದೆ ದಾಸ್ತಾನಿನ ಅಸಲು, ಅಲ್ಲಿಂದಾಚೆ ಇಂಡ್ ಎಎಸ್ 2. ಒಂದು ಮರದಲ್ಲಿ ಮೂರು ಮಾನದಂಡ! ಚೇಣಿ (ಫಸಲಿನ ಗುತ್ತಿಗೆ) ಮಾತಾಡುವಾಗ ಮರದ ಮೇಲಿನ ಫಸಲಿಗೆ ಬೆಲೆ ಕಟ್ಟುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಕೊಪ್ಪ, ಚಿಕ್ಕಮಗಳೂರು ಕಡೆಯವರು ತೆರಿಗೆ ಪಾಠಕ್ಕೆ ಕಾಫಿ ಹಿಡಿಯಿರಿ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ 1962ರ ನಿಯಮಗಳಲ್ಲಿ, ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ 25 ವ್ಯಾಪಾರದ್ದು, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಅಂತ ಹಿಡಿಯುತ್ತಿದ್ದರು. ಕೃಷಿ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಉದಾಹರಣೆಯೂ ಹೇಳದು. ಒಂದು ಎಚ್ಚರಿಕೆ: 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬಂದಿದೆ. ಅದು ಜಾರಿಯಾದದ್ದು 2026ರ ಏಪ್ರಿಲ್ 1ರಿಂದ. ಸೆಕ್ಷನ್ ಸಂಖ್ಯೆಗಳು ಬದಲಾಗಿವೆ. 'ಪ್ರೀವಿಯಸ್ ಇಯರ್', 'ಅಸೆಸ್‌ಮೆಂಟ್ ಇಯರ್' ಹೋಗಿ 'ಟ್ಯಾಕ್ಸ್ ಇಯರ್' ಒಂದೇ ಉಳಿದಿದೆ. ಸೀನಿಯರ್‌ಗಳ ಹಳೆಯ ತೆರಿಗೆ ಪುಸ್ತಕ ಕೊಳ್ಳುವ ಮುಂಚೆ ಯೋಚಿಸಿ.

ಇಂಗ್ಲಿಷಿನ ಭಯ

ಕನ್ನಡ ಮಾಧ್ಯಮದಲ್ಲಿ ಬಿ.ಕಾಂ ಮಾಡಿದವರು ಮೊದಲ ಸೆಮಿಸ್ಟರ್‌ನಲ್ಲಿ ಹಿಂದೆ ಬೀಳುವುದನ್ನು ನೋಡಿದ್ದೇನೆ. ಬುದ್ಧಿ ಕಡಿಮೆ ಅಂತ ಅಲ್ಲ, ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ, ಅಷ್ಟೇ. ಪಾಠವನ್ನು ಮೊದಲು ಕನ್ನಡದಲ್ಲಿ ಗೆಳೆಯರಿಗೆ ವಿವರಿಸಿ. ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ದಿನಕ್ಕೆ ಒಂದು ಉತ್ತರ ಸಾಕು. ಲೆಕ್ಕದ ಪ್ರಶ್ನೆಗಳಲ್ಲಿ ಭಾಷೆ ಅಡ್ಡ ಬರುವುದಿಲ್ಲ, ಅಲ್ಲಿ ಅಂಕ ಬಿಡಬೇಡಿ.

ಪ್ರಾಜೆಕ್ಟ್‌ಗೆ ಊರಿನ ಸೊಸೈಟಿ

ಪ್ರಾಜೆಕ್ಟ್ ಬಂದಾಗ ಸೀನಿಯರ್‌ಗಳದ್ದನ್ನು ನಕಲು ಮಾಡಿ ಸುಮ್ನೆ ಬೈಂಡ್ ಮಾಡಿಸುವುದು ದೊಡ್ಡ ನಷ್ಟ. ನಿಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಹೋಗಿ. ವಾರ್ಷಿಕ ಮಹಾಸಭೆಗೆ ಮುಂಚೆ ಸದಸ್ಯರಿಗೆ ಅಢಾವೆ ಪತ್ರಿಕೆ ಇರುವ ವರದಿ ಬರುತ್ತದೆ. ಅಪ್ಪ ಅಥವಾ ಅಜ್ಜ ಸದಸ್ಯರಾಗಿದ್ದರೆ ಹಳೆಯ ವರದಿಗಳು ಮನೆಯಲ್ಲೇ ಸಿಗಬಹುದು. ಐದು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ರೈತರಿಗೆ ಬಡ್ಡಿ ಇಲ್ಲದೆ ಸಾಲ ಕೊಟ್ಟಾಗ ಆ ಬಡ್ಡಿಯನ್ನು ಸರ್ಕಾರ ತುಂಬಿಕೊಡಬೇಕು. ಅದು ಬರುವ ತನಕ ಸಂಘದ ಲೆಕ್ಕದಲ್ಲಿ ಎಲ್ಲಿ ಕೂತಿರುತ್ತದೆ? ತಡವಾದರೆ ಸಂಘದ ನಗದು ಏನಾಗುತ್ತದೆ? ಇಷ್ಟನ್ನೇ ಸರಿಯಾಗಿ ಬರೆದರೂ ಒಳ್ಳೆಯ ಪ್ರಾಜೆಕ್ಟ್. ಸೆಕ್ರೆಟರಿಯವರ ಹತ್ತಿರ ಕಾಲೇಜಿನ ಪತ್ರ ತೆಗೆದುಕೊಂಡು ಹೋಗಿ, ಸಾಲಗಾರರ ಹೆಸರು ಬರೆಯುವುದಿಲ್ಲ ಅಂತ ಮೊದಲೇ ಹೇಳಿ. ಮಾರ್ಚ್ ಕೊನೆಯಲ್ಲಿ ಹೋಗಬೇಡಿ, ಅವರಿಗೆ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ.

ನೆಟ್‌ಗೆ ಯಾವಾಗ ಕೂರಬೇಕು

ಎಂ.ಕಾಂ ಕೊನೆಯ ವರ್ಷದಲ್ಲಿದ್ದಾಗಲೇ ನೆಟ್ ಬರೆಯಬಹುದು. ಮೂರು ಗಂಟೆ, 150 ಪ್ರಶ್ನೆ, 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಮೊದಲ ಪತ್ರಿಕೆಯ 50 ಪ್ರಶ್ನೆಗಳು ಬೋಧನೆ, ಸಂಶೋಧನೆ, ತರ್ಕದ ಮೇಲೆ. ವಾಣಿಜ್ಯದವರು ಇದನ್ನು ಅಸಡ್ಡೆ ಮಾಡುತ್ತಾರೆ, ಅಲ್ಲೇ ಅಂಕ ಕೈತಪ್ಪುತ್ತದೆ. ಮೂರನೇ ಸೆಮಿಸ್ಟರ್‌ನಿಂದ ದಿನಕ್ಕೆ ಅರ್ಧ ಗಂಟೆ ಅದಕ್ಕೆ ಮೀಸಲಿಡಿ. ಕೆ-ಸೆಟ್ ನಡೆಸುವುದು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಪ್ರಕಟಣೆ ಅವರ ಜಾಲತಾಣದಲ್ಲಿ ಬರುತ್ತದೆ. ಎರಡಕ್ಕೂ ಓದುವ ಪಾಠ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಎರಡಕ್ಕೂ ಅರ್ಜಿ ಹಾಕಿ.