ಸೈಕಲ್ಲಿನ ಮೈಮೇಲಿನ ಹೆಸರಿಗೆ ಬೆಲೆ ಕಟ್ಟುವುದು ಹೇಗೆ?

ಹೊಸ ಸೈಕಲ್ಲಿನ ಮುಂದೆ ನಿಂತಾಗ ಮೊದಲು ಒಂದು ಕೆಲಸ ಮಾಡಿ. ಚೌಕಟ್ಟಿನ ಮೇಲೆ ದೊಡ್ಡದಾಗಿ ಬರೆದಿರುವ ಹೆಸರನ್ನು ಅಂಗೈಯಿಂದ ಮುಚ್ಚಿ. ಉಳಿದದ್ದನ್ನು ನೋಡಿ ಈ ಸೈಕಲ್ ಚೆನ್ನಾಗಿದೆಯೇ, ಸಾಧಾರಣವೇ ಎಂದು ಹೇಳಲು ಬರುತ್ತದೆಯೇ? ಬರದಿದ್ದರೆ ನಾಚಿಕೆ ಬೇಡ. ನಮ್ಮಲ್ಲಿ ಹೆಚ್ಚಿನವರು ಆ ಒಂದು ಹೆಸರನ್ನು ನಂಬಿಯೇ ಹಣ ಎಣಿಸುತ್ತೇವೆ. ಹೆಸರಿಗೂ ಬೆಲೆ ಇದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಐದು ವರ್ಷದ ನಂತರ ಒಂದು ಭಾಗ ಮುರಿದ ದಿನ ಆ ಹೆಸರಿನವರು ಏನು ಮಾಡುತ್ತಾರೆ ಎಂಬುದೇ ಆ ಬೆಲೆ. ಕೊಳ್ಳುವ ಮೊದಲೇ ಅದನ್ನು ಅಂದಾಜು ಮಾಡಲು ಸಾಧ್ಯ. ಸ್ವಲ್ಪ ತಾಳ್ಮೆ ಬೇಕು, ಅಷ್ಟೆ.

ಮೊದಲು: ಹೆಸರು ಈಗ ಯಾರದು?

ಹಳೆಯ ಹೆಸರುಗಳು ಹಳೆಯ ಮನೆಗಳಂತೆ ಕೈ ಬದಲಾಯಿಸುತ್ತಲೇ ಇರುತ್ತವೆ. ಶ್ವಿನ್ ಕಂಪನಿ ಶುರುವಾದದ್ದು 1895ರಲ್ಲಿ, ಅಮೆರಿಕದ ಶಿಕಾಗೋದಲ್ಲಿ. ಅಲ್ಲಿನ ಮೂರ್ನಾಲ್ಕು ತಲೆಮಾರಿನ ಮಕ್ಕಳಿಗೆ ಸೈಕಲ್ ಎಂದರೆ ಶ್ವಿನ್. 1992ರಲ್ಲಿ ದಿವಾಳಿಯಾಯಿತು, 2001ರಲ್ಲಿ ಮತ್ತೊಮ್ಮೆ ಆಯಿತು. ಹೆಸರನ್ನು ಪೆಸಿಫಿಕ್ ಸೈಕಲ್ ಕೊಂಡಿತು, ಅದನ್ನು ಡೊರೆಲ್ ಕೊಂಡಿತು, 2022ರಲ್ಲಿ ಅದೆಲ್ಲವೂ ನೆದರ್ಲೆಂಡ್ಸಿನ ಪಾನ್ ಸಮೂಹದ ಪಾಲಾಯಿತು. ಗಝೆಲ್, ಕ್ಯಾನನ್‌ಡೇಲ್, ಸಾಂಟಾ ಕ್ರೂಜ್, ಸರ್ವೆಲೋ ಕೂಡ ಅದೇ ಪಾನ್ ಚಾವಣಿಯ ಕೆಳಗಿವೆ. ಇಂಗ್ಲೆಂಡಿನ ರ‍್ಯಾಲಿ 1887ರಷ್ಟು ಹಳೆಯದು. ಆದರೆ ನಾಟಿಂಗ್‌ಹ್ಯಾಮ್‌ನಲ್ಲಿ ಸೈಕಲ್ ತಯಾರಿಕೆ 2002ಕ್ಕೇ ನಿಂತಿತು.

ಇದರಿಂದ ಆ ಸೈಕಲ್ಲುಗಳು ಕೆಟ್ಟವು ಎಂದೇನೂ ಆಗುವುದಿಲ್ಲ. ಆದರೆ ‘ಶತಮಾನದ ಪರಂಪರೆ’ ಎಂಬ ಸಾಲು ಕಂಡಾಗ ಕೇಳಬೇಕಾದ ಪ್ರಶ್ನೆ ಬೇರೆ: ಈಗಿನ ಮಾಲೀಕರು ಈ ಹೆಸರನ್ನು ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದಾರೆ, ಅದನ್ನು ಯಾವ ದರ್ಜೆಯ ಸೈಕಲ್ಲುಗಳ ಮೇಲೆಲ್ಲ ಅಂಟಿಸುತ್ತಿದ್ದಾರೆ? ಒಂದೇ ಹೆಸರು ಸೂಪರ್ ಮಾರ್ಕೆಟ್ಟಿನ ಅಗ್ಗದ ಸೈಕಲ್ಲಿನ ಮೇಲೂ ವಿಶೇಷ ಮಳಿಗೆಯ ದುಬಾರಿ ಸೈಕಲ್ಲಿನ ಮೇಲೂ ಇರಬಹುದು. ಅಜ್ಜ ಗಳಿಸಿದ ಮರ್ಯಾದೆಯನ್ನು ಮೊಮ್ಮಗ ಖರ್ಚು ಮಾಡುವ ವ್ಯವಹಾರವಿದು.

ಆಮೇಲೆ: ಮಾಡಿದ ಕೈ ಯಾವುದು?

1972ರಲ್ಲಿ ತೈವಾನಿನಲ್ಲಿ ಹುಟ್ಟಿದ ಜೈಂಟ್ ಕಂಪನಿ ಬಹುಕಾಲ ಬೇರೆಯವರ ಹೆಸರಿನಲ್ಲಿ ಸೈಕಲ್ ಮಾಡಿಕೊಟ್ಟಿತು. ಶ್ವಿನ್ ಅದರ ದೊಡ್ಡ ಗಿರಾಕಿ. 1980ರಲ್ಲಿ ಶಿಕಾಗೋ ಕಾರ್ಖಾನೆಯಲ್ಲಿ ಮುಷ್ಕರ ನಡೆದಾಗ ಕೆಲಸ ಇನ್ನಷ್ಟು ತೈವಾನಿಗೆ ಹರಿಯಿತು. ಕೊನೆಗೆ ಶ್ವಿನ್ ದಿವಾಳಿಯಾಯಿತು. ಹೆಸರಿಲ್ಲದೆ ದುಡಿದ ಜೈಂಟ್ ತನ್ನದೇ ಹೆಸರಿನಲ್ಲಿ ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕರಲ್ಲಿ ಒಂದಾಯಿತು. ಜೈಂಟ್ ಹುಟ್ಟಿದ ವರ್ಷವೇ, ಅದೇ ದ್ವೀಪದಲ್ಲಿ ಹುಟ್ಟಿದ ಮೆರಿಡಾ ಈಗ ಅಮೆರಿಕದ ಸ್ಪೆಷಲೈಸ್ಡ್ ಕಂಪನಿಯಲ್ಲಿ ದೊಡ್ಡ ಪಾಲುದಾರ.

ಕೆಲವರು ಇದನ್ನು ಕೇಳಿದೊಡನೆ ‘ಹಾಗಾದರೆ ಎಲ್ಲವೂ ಒಂದೇ ಕಾರ್ಖಾನೆಯ ಮಾಲು, ಅಗ್ಗದ್ದನ್ನೇ ತಗೊಂಡರಾಯಿತು’ ಎಂದು ತೀರ್ಮಾನಿಸಿಬಿಡುತ್ತಾರೆ. ಅದು ದುಡುಕು. ಕಾರ್ಖಾನೆ ತನಗೆ ಕೊಟ್ಟ ನಕ್ಷೆಯಂತೆ, ಕೊಟ್ಟ ಹಣಕ್ಕೆ ತಕ್ಕಂತೆ ಮಾಡಿಕೊಡುತ್ತದೆ. ಬೆಸುಗೆಯನ್ನು ಎಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು, ಎಷ್ಟು ಚೌಕಟ್ಟುಗಳನ್ನು ತಿರಸ್ಕರಿಸಬೇಕು ಎಂದು ನಿರ್ಧರಿಸುವುದು ಬಹುಮಟ್ಟಿಗೆ ಹೆಸರಿನ ಒಡೆಯನೇ.

ಬಿಡಿಭಾಗಗಳ ಪಟ್ಟಿಯನ್ನು ಕೆಳಗಿನಿಂದ ಓದಿ

ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ನಾನೂ ಹೋಗಿದ್ದೇನೆ.

ಜಾಹೀರಾತು ಗಿಯರ್ ತಯಾರಕರ ಹೆಸರನ್ನು ದೊಡ್ಡದಾಗಿ ಹಾಕುತ್ತದೆ. ಜಪಾನಿನ ಶಿಮಾನೋ 1921ರಿಂದಲೂ ಇರುವ ಕಂಪನಿ, ಅದರ ಹೆಸರಿಗೆ ತೂಕವಿದೆ. ಆದರೆ ಶಿಮಾನೋ ಎಂಬುದು ಒಂದು ದರ್ಜೆಯಲ್ಲ, ಒಂದು ಏಣಿ. ಗುಡ್ಡಗಾಡಿನ ಸೈಕಲ್ಲುಗಳಲ್ಲಿ ಟೂರ್ನಿ ಕೆಳಗಿನ ಮೆಟ್ಟಿಲು. ಮೇಲಕ್ಕೆ ಆಲ್ಟಸ್, ಅಸೆರಾ, ಅಲಿವಿಯೋ, ಡಿಯೋರ್, ಎಸ್‌ಎಲ್‌ಎಕ್ಸ್, ಎಕ್ಸ್‌ಟಿ, ತುದಿಯಲ್ಲಿ ಎಕ್ಸ್‌ಟಿಆರ್. ರಸ್ತೆ ಸೈಕಲ್ಲುಗಳಲ್ಲಿ ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ, ಡ್ಯುರಾ ಏಸ್. ಕೆಳಗಿನ ಕೆಲವು ಮೆಟ್ಟಿಲುಗಳನ್ನು ಒಂದುಗೂಡಿಸಿ ಈಚೆಗೆ ಕ್ಯೂಸ್ ಎಂಬ ಸರಣಿಯೂ ಬಂದಿದೆ. ‘ಶಿಮಾನೋ ಗಿಯರ್’ ಎಂದಷ್ಟೇ ಬರೆದಿದ್ದರೆ ಅದು ಬಹುಶಃ ಕೆಳಮೆಟ್ಟಿಲಿನದೇ. ಮೇಲಿನದ್ದಾಗಿದ್ದರೆ ಹೆಸರು ಹಿಡಿದು ಹೇಳದೆ ಬಿಡುತ್ತಿದ್ದರೇ?

ಇನ್ನೊಂದು ಕೈಚಳಕವೂ ಇದೆ. ಸೈಕಲ್ ನೋಡುವವರ ಕಣ್ಣು ಮೊದಲು ಬೀಳುವುದು ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಹಿಂದಿನ ಡಿರೇಲರ್ ಮೇಲೆ. ಅದೊಂದನ್ನು ಎರಡು ಮೆಟ್ಟಿಲು ಮೇಲಿನದು ಹಾಕಿ, ಕಣ್ಣಿಗೆ ಬೀಳದ ಬಾಟಮ್ ಬ್ರಾಕೆಟ್ (ಪೆಡಲ್ ಅಚ್ಚು ತಿರುಗುವ ಬೇರಿಂಗ್), ಹಬ್ (ಚಕ್ರದ ನಡುಗುಂಬ), ಚೈನ್, ಬ್ರೇಕ್‌ಗಳಲ್ಲಿ ಉಳಿತಾಯ ಮಾಡಲಾಗುತ್ತದೆ. ಮೇಲೆ ಥಳಕು, ಒಳಗೆ ಹುಳುಕು. ಹಾಗಾಗಿ ಪಟ್ಟಿಯನ್ನು ಕೆಳಗಿನಿಂದ ಓದಿ. ಹಬ್ ಯಾವುದು? ಹಿಂದಿನ ಚಕ್ರದ ಹಲ್ಲುಗಳ ಗುಚ್ಛ ಹಬ್ ಮೇಲೆ ಜಾರಿಸಿ ಕೂರಿಸುವ ಕ್ಯಾಸೆಟ್ ಮಾದರಿಯದೋ, ತಿರುಪಿನಿಂದ ಕೂರಿಸುವ ಹಳೆಯ ಫ್ರೀವೀಲೋ? ಏಳು ಹಲ್ಲುಚಕ್ರದ ಫ್ರೀವೀಲ್ ಇರುವ ಹಬ್‌ನಲ್ಲಿ ಬೇರಿಂಗ್ ಅಚ್ಚಿನ ತುದಿಯಿಂದ ದೂರವಿರುತ್ತದೆ. ಭಾರ ಬಿದ್ದರೆ ಅಚ್ಚು ಬಾಗುವುದು ಅಲ್ಲಿಯೇ. ಕ್ಯಾಸೆಟ್ ಹಬ್ ಇದ್ದರೆ, ತಯಾರಕರು ಕಾಣದ ಕಡೆಯೂ ಒಂದಿಷ್ಟು ಹಣ ಹಾಕಿದ್ದಾರೆ ಎಂದು ತಿಳಿಯಬಹುದು.

‘21 ಗಿಯರ್’ ಎಂಬ ಹೆಮ್ಮೆಗೆ ಸೋಲಬೇಡಿ. ಅದು ಮುಂದೆ ಮೂರು, ಹಿಂದೆ ಏಳರ ಗುಣಾಕಾರ. ಅದರಲ್ಲಿ ಹಲವು ಒಂದರ ಮೇಲೊಂದು ಬೀಳುತ್ತವೆ. ಈಗಿನ ದುಬಾರಿ ಗುಡ್ಡಗಾಡು ಸೈಕಲ್ಲುಗಳಲ್ಲಿ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹನ್ನೆರಡು. ಹಾಗೆಯೇ ‘ವಿಮಾನ ದರ್ಜೆಯ ಅಲ್ಯೂಮಿನಿಯಂ’. 6061 ಎಂಬ ಮಿಶ್ರಲೋಹ ವಿಮಾನದಲ್ಲೂ ಇರುತ್ತದೆ ನಿಜ, ಏಣಿಯಲ್ಲೂ ಇರುತ್ತದೆ.

ಕೊನೆಯದಾಗಿ ಅಳತೆಗಳು. ಟೈರಿನ ಪಕ್ಕದಲ್ಲಿ 37-622 ರೀತಿಯ ಸಂಖ್ಯೆ (ಟೈರಿನ ಅಗಲ ಮತ್ತು ರಿಮ್ಮಿನ ವ್ಯಾಸ, ಮಿಲಿಮೀಟರ್‌ಗಳಲ್ಲಿ) ಇದೆಯೇ, ಹ್ಯಾಂಡಲ್ ನಡುಭಾಗದ ದಪ್ಪ 31.8 ಮಿಲಿಮೀಟರ್ ಇದೆಯೇ, ಬಾಟಮ್ ಬ್ರಾಕೆಟ್ ಸಾಮಾನ್ಯ ತಿರುಪಿನದೇ ಎಂದು ನೋಡಿ. ಎಲ್ಲೆಡೆ ಸಿಗುವ ಅಳತೆಯ ಭಾಗಗಳಿದ್ದರೆ ಕಂಪನಿ ಮುಳುಗಿದರೂ ಸೈಕಲ್ ಮುಳುಗುವುದಿಲ್ಲ. ತನ್ನದೇ ಆಕಾರದ ಭಾಗಗಳನ್ನು ಹಾಕಿದ ಕಂಪನಿಯ ಆಯುಷ್ಯವೇ ನಿಮ್ಮ ಸೈಕಲ್ಲಿನ ಆಯುಷ್ಯ.

ಇ-ಬೈಕ್ ಆದರೆ ಸಂಖ್ಯೆಗಳನ್ನು ಕೆದಕಿ

ಪೆಡಲ್ ತುಳಿತಕ್ಕೆ ಮೋಟಾರಿನ ಸಹಾಯ ಕೊಡುವ ಸೈಕಲ್ಲನ್ನು ಯಮಾಹಾ 1993ರಲ್ಲಿಯೇ ಮಾರುಕಟ್ಟೆಗೆ ತಂದಿತ್ತು. ಇಂದು ಬಹುತೇಕ ಇ-ಬೈಕ್‌ಗಳ ಮೇಲಿನ ಹೆಸರು ಒಂದು, ಒಳಗಿನ ಮೋಟಾರು ಇನ್ನೊಬ್ಬರದು: ಬಾಷ್, ಶಿಮಾನೋ, ಯಮಾಹಾ, ಬಫಾಂಗ್. ನನ್ನ ಮಟ್ಟಿಗೆ ಚೌಕಟ್ಟಿನ ಹೆಸರಿಗಿಂತ ಈ ಎರಡನೆಯ ಹೆಸರೇ ಮುಖ್ಯ.

ವ್ಯಾಟ್ ಸಂಖ್ಯೆಯನ್ನು ಬದಿಗಿಡಿ. ಯುರೋಪಿನ ನಿಯಮದಂತೆ ಸಾಮಾನ್ಯ ಇ-ಬೈಕ್ ಮೋಟಾರಿನ ನಿರಂತರ ಶಕ್ತಿ 250 ವ್ಯಾಟ್ ಮೀರಬಾರದು, ಗಂಟೆಗೆ 25 ಕಿಲೋಮೀಟರ್ ದಾಟಿದರೆ ಸಹಾಯ ನಿಲ್ಲಬೇಕು. ಅಲ್ಲಿ ಅಗ್ಗದ್ದರ ಮೇಲೂ ದುಬಾರಿಯದರ ಮೇಲೂ ಅದೇ 250. ಕಡಿವಾಣವಿಲ್ಲದ ಕಡೆ ಮಾರುವವರು ಕ್ಷಣಕಾಲದ ಗರಿಷ್ಠ ಶಕ್ತಿಯನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ. ಏರು ಹತ್ತಿಸುವುದು ತಿರುಚುಬಲ (ಟಾರ್ಕ್). ಅದನ್ನು ನ್ಯೂಟನ್ ಮೀಟರ್‌ನಲ್ಲಿ ಹೇಳುತ್ತಾರೆ. ಸಮತಟ್ಟು ರಸ್ತೆಗೆ 40 ಸಾಕು, ಕಡಿದಾದ ಏರಿಗೆ 80ರ ಆಸುಪಾಸು ಹಿತ. ಸೆನ್ಸರ್ ಯಾವುದೆಂದೂ ಕೇಳಿ. ಪೆಡಲ್ ತಿರುಗುತ್ತಿದೆಯೇ ಎಂದಷ್ಟೇ ನೋಡುವ ಸೆನ್ಸರ್ ಇದ್ದರೆ ಸೈಕಲ್ ತಡವಾಗಿ ಎಚ್ಚರಗೊಂಡು ಥಟ್ಟನೆ ನೂಕುತ್ತದೆ. ಎಷ್ಟು ಬಲದಿಂದ ತುಳಿಯುತ್ತೀರಿ ಎಂದು ಅಳೆಯುವ ಸೆನ್ಸರ್ ಇದ್ದರೆ ನಿಮ್ಮ ಕಾಲೇ ಗಟ್ಟಿಯಾದಂತೆ ಅನಿಸುತ್ತದೆ. ಸವಾರಿಯ ಸುಖದಲ್ಲಿ ಇಷ್ಟು ವ್ಯತ್ಯಾಸ ತರುವ ಸಂಗತಿ ಕರಪತ್ರಗಳಲ್ಲಿ ಹುಡುಕಿದರೂ ಸಿಗದಿರುವುದುಂಟು.

‘ಒಂದು ಚಾರ್ಜಿಗೆ 100 ಕಿಲೋಮೀಟರ್’ ಎಂಬುದನ್ನು ನೀವೇ ಲೆಕ್ಕ ಹಾಕಿ. ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿದರೆ ವ್ಯಾಟ್ ಅವರ್. 36 ವೋಲ್ಟ್, 14 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 504 ವ್ಯಾಟ್ ಅವರ್ ಇದೆ. ಮಧ್ಯಮ ಸಹಾಯದಲ್ಲಿ ಕಿಲೋಮೀಟರಿಗೆ 10 ವ್ಯಾಟ್ ಅವರ್ ಖರ್ಚಾದರೆ 50 ಕಿಲೋಮೀಟರ್. ಏರು, ಎದುರುಗಾಳಿ, ಹೊರೆ ಇದ್ದು 20 ಖರ್ಚಾದರೆ 25. ನೂರರ ಲೆಕ್ಕ ತೆಳ್ಳಗಿನ ಸವಾರ, ಚಪ್ಪಟೆ ರಸ್ತೆ, ಅತಿ ಕಡಿಮೆ ಸಹಾಯ ಮೂರೂ ಕೂಡಿದಾಗಿನದು.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಒಳಗಿನ ಕೋಶಗಳು ಯಾರವು ಎಂದು ಬರೆದಿದೆಯೇ? ಇ-ಬೈಕ್‌ಗಳ ಸುರಕ್ಷತಾ ಮಾನದಂಡಗಳಾದ ಇಎನ್ 15194 (ಯುರೋಪಿನದು) ಅಥವಾ ಯುಎಲ್ 2849 (ಅಮೆರಿಕದ್ದು) ಪರೀಕ್ಷೆಗೆ ಒಳಗಾಗಿದೆಯೇ? ಲಿಥಿಯಂ ಬ್ಯಾಟರಿಗಳಿಂದ ಸರಣಿ ಬೆಂಕಿ ಅನಾಹುತಗಳಾದ ಮೇಲೆ ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ ಯುಎಲ್ 2849 ಇಲ್ಲದ ಇ-ಬೈಕ್ ಮಾರಾಟವನ್ನೇ ನಿಷೇಧಿಸಿತು. ಯುರೋಪಿನ ನಿಯಮಕ್ಕೆ ಒಪ್ಪುತ್ತದೆ ಎಂದು ಹೇಳುವ ಬರಿಯ ಸಿಇ ಗುರುತನ್ನು ಕಂಡು ಸಮಾಧಾನಪಡಬೇಡಿ. ಸಾಮಾನ್ಯವಾಗಿ ಅದು ತಯಾರಕ ತಾನೇ ಮಾಡಿಕೊಳ್ಳುವ ಘೋಷಣೆ.

ಕಂಪನಿ ಕಣ್ಮುಚ್ಚಿದರೆ?

ಆಮ್‌ಸ್ಟರ್‌ಡ್ಯಾಮಿನ ವ್ಯಾನ್‌ಮೂಫ್ 2009ರಲ್ಲಿ ಹುಟ್ಟಿ, ನಯವಾದ ವಿನ್ಯಾಸದಿಂದ ಇ-ಬೈಕ್ ಲೋಕದ ಕಣ್ಮಣಿಯಾಗಿತ್ತು. ಬೀಗ, ಸೆಟ್ಟಿಂಗು ಎಲ್ಲಕ್ಕೂ ಮೊಬೈಲ್ ಆ್ಯಪ್. 2023ರ ಜುಲೈನಲ್ಲಿ ಅದು ದಿವಾಳಿಯಾದಾಗ ಸವಾರರಿಗೆ ಹುಟ್ಟಿದ ಭಯವೆಂದರೆ, ಕಂಪನಿಯ ಸರ್ವರ್ ನಿಂತರೆ ತಮ್ಮ ಸೈಕಲ್ ತಮ್ಮ ಮಾತನ್ನೇ ಕೇಳುವುದಿಲ್ಲ ಎಂಬುದು. ಪ್ರತಿಸ್ಪರ್ಧಿ ಕಂಪನಿ ಕೌಬಾಯ್, ಸೈಕಲ್ಲಿನ ಡಿಜಿಟಲ್ ಕೀಲಿಯನ್ನು ಇಳಿಸಿಟ್ಟುಕೊಳ್ಳಲು ಒಂದು ಆ್ಯಪ್ ಬಿಡುಗಡೆ ಮಾಡಿತು. ಅದೂ ಒಳ್ಳೆಯ ಜಾಹೀರಾತೇ ಅನ್ನಿ. ಆಮೇಲೆ ವ್ಯಾನ್‌ಮೂಫನ್ನು ಲವೋಯಿ ಎಂಬ ಕಂಪನಿ ಕೊಂಡು ನಡೆಸಿತು.

ನನ್ನ ಕಥೆ ಇಷ್ಟು ಪ್ರಸಿದ್ಧವಲ್ಲ. ನನ್ನ ಹಳೆಯ ಇ-ಬೈಕಿನ ಡಿಸ್‌ಪ್ಲೇ ಎರಡನೆಯ ಮಳೆಗಾಲಕ್ಕೆ ಸತ್ತಿತು. ಮೋಟಾರು ಗಟ್ಟಿ, ಬ್ಯಾಟರಿ ಗಟ್ಟಿ. ಆದರೆ ಅದರ ಕನೆಕ್ಟರ್ ಜಗತ್ತಿನ ಬೇರೆ ಯಾವ ಡಿಸ್‌ಪ್ಲೇಗೂ ಹೊಂದುತ್ತಿರಲಿಲ್ಲ. ತಯಾರಕರ ದೂರವಾಣಿ ರಿಂಗಾಗುತ್ತಲೇ ಇತ್ತು. ಬೆರಳಗಲದ ಒಂದು ಪರದೆಗಾಗಿ ಇಪ್ಪತ್ತೈದು ಕಿಲೋ ತೂಕದ ಸೈಕಲ್ಲನ್ನು ತಿಂಗಳುಗಟ್ಟಲೆ ಬರೀ ಕಾಲಿನಿಂದ ತುಳಿದಿದ್ದೇನೆ. ಅಂದಿನಿಂದ ನಾನು ಇ-ಬೈಕ್ ನೋಡುವಾಗ ಮೊದಲು ಕೇಳುವುದು: ಆ್ಯಪ್ ಇಲ್ಲದೆ, ಇಂಟರ್‌ನೆಟ್ ಇಲ್ಲದೆ ಇದು ಓಡುತ್ತದೆಯೇ?

ತಪ್ಪು ಮಾಡಿದಾಗಿನ ನಡತೆ

ಒಳ್ಳೆಯ ಕಂಪನಿಯ ಸರಕೂ ಕೆಡುತ್ತದೆ. 2023ರ ಸೆಪ್ಟೆಂಬರಿನಲ್ಲಿ ಶಿಮಾನೋ, ಅಂಟಿನ ಜೋಡಣೆ ಬಿಟ್ಟುಕೊಳ್ಳುವ ಕ್ರ್ಯಾಂಕ್‌ಗಳಿಗಾಗಿ (ಪೆಡಲ್ ಕೂರುವ ತೋಳುಗಳು) ಅಮೆರಿಕ, ಕೆನಡಾಗಳಲ್ಲೇ ಸುಮಾರು 7,60,000 ಕ್ರ್ಯಾಂಕ್‌ಗಳ ತಪಾಸಣೆ ಘೋಷಿಸಿತು. ದೋಷ ಕಂಡವಕ್ಕೆ ಬದಲಿ ಕೊಡುವುದಾಗಿ ಹೇಳಿತು. ಸವಾರರ ದೂರು ವರ್ಷಗಳಿಂದ ಇತ್ತು; ತಡವಾಯಿತು ಎಂಬ ಟೀಕೆ ನ್ಯಾಯವಾದದ್ದೇ. ಆದರೂ ಜವಾಬು ಹೇಳಲು ಒಬ್ಬರು ಇದ್ದರು. 2024ರ ಫೆಬ್ರವರಿಯಲ್ಲಿ ನೆದರ್ಲೆಂಡ್ಸಿನಲ್ಲಿ, ಮಕ್ಕಳನ್ನು ಕೂರಿಸಿಕೊಂಡು ಹೋಗುವ ಬಾಬೂ ಸರಕು ಸೈಕಲ್ಲುಗಳ ಚೌಕಟ್ಟು ಮುರಿಯುತ್ತಿದೆ ಎಂಬ ದೂರುಗಳ ಬಳಿಕ ಸುರಕ್ಷಾ ಪ್ರಾಧಿಕಾರವೇ ಮಾರಾಟ ನಿಲ್ಲಿಸುವಂತೆ ಆದೇಶಿಸಬೇಕಾಯಿತು. ಕಂಪನಿಯ ಹೆಸರಿನೊಂದಿಗೆ ‘ರಿಕಾಲ್’ ಎಂಬ ಪದವನ್ನೂ ಸೇರಿಸಿ ಹುಡುಕಿ. ವಾಪಸು ಕರೆದದ್ದಕ್ಕೇ ಹೆದರಬೇಡಿ. ಯಾರು ಮೊದಲು ಬಾಯಿಬಿಟ್ಟರು, ಕಂಪನಿಯೋ ಸರ್ಕಾರವೋ ಎಂಬುದನ್ನು ನೋಡಿ.

ಸ್ಪರ್ಧೆ, ಬಣ್ಣ ಮತ್ತು ಹೊಗಳಿಕೆ

ಟೂರ್ ಡಿ ಫ್ರಾನ್ಸ್ 1903ರಲ್ಲಿ ಶುರುವಾದದ್ದೇ ಲೋಟೋ ಎಂಬ ಪತ್ರಿಕೆಯ ಪ್ರಸಾರ ಹೆಚ್ಚಿಸಲು. ಅದು ಹಳದಿ ಕಾಗದದಲ್ಲಿ ಅಚ್ಚಾಗುತ್ತಿತ್ತು. ಮುಂಚೂಣಿಯಲ್ಲಿರುವವನ ಹಳದಿ ಅಂಗಿಯ ಮೂಲ ಅದೇ. ಹೀಗೆ ಹುಟ್ಟಿನಿಂದಲೇ ಜಾಹೀರಾತಾದ ಆಟದಲ್ಲಿ ಯಾರು ಯಾವ ಸೈಕಲ್ ತುಳಿದು ಗೆದ್ದರು ಎಂಬುದು ಪ್ರಾಯೋಜಕರ ಹಣದ ಸುದ್ದಿಯೂ ಹೌದು. ಉಕ್ಕಿನ ಚೌಕಟ್ಟಿನ ಕಾಲದಲ್ಲಿ ಸವಾರರು ತಮಗೆ ಒಪ್ಪುವ ಕುಶಲಕರ್ಮಿಯಿಂದ ಚೌಕಟ್ಟು ಮಾಡಿಸಿ, ಅದಕ್ಕೆ ಪ್ರಾಯೋಜಕರ ಬಣ್ಣ ಬಳಿಸುತ್ತಿದ್ದರು. ಇಂದಿಗೂ ಕೆಲವರು ಪ್ರಾಯೋಜಕರದ್ದಲ್ಲದ ಟೈರ್ ಹಾಕಿ ಅದರ ಹೆಸರಿನ ಮೇಲೆ ಕಪ್ಪು ಬಳಿಯುತ್ತಾರೆ. ನೀವು ಅಂಗೈಯಿಂದ ಮಾಡಿದ್ದನ್ನೇ ಅವರು ಬಣ್ಣದಿಂದ ಮಾಡುತ್ತಾರೆ.

ವಿಮರ್ಶೆಗಳಲ್ಲಿ ಮೊದಲ ವಾರದವನ್ನು ಬಿಟ್ಟು, ಎರಡು ವರ್ಷ ಸವಾರಿ ಮಾಡಿದವರವನ್ನು ಹುಡುಕಿ. ಆ ಕಂಪನಿಯ ಮೂರು ನಾಲ್ಕು ವರ್ಷ ಹಳೆಯ ಸೈಕಲ್ಲುಗಳು ಕೈ ಬದಲಿಸುವಾಗ ಮೂಲ ಬೆಲೆಯ ಎಷ್ಟು ಭಾಗಕ್ಕೆ ಹೋಗುತ್ತಿವೆ ಎಂದು ನೋಡಿ. ಹೆಸರಿನ ನಿಜವಾದ ಬೆಲೆ ನಿಷ್ಠುರವಾಗಿ ಗೊತ್ತಾಗುವುದು ಅಲ್ಲಿಯೇ.

ಇಷ್ಟೆಲ್ಲ ಆದಮೇಲೂ ಮನಸ್ಸು ಗಟ್ಟಿಯಾಗದಿದ್ದರೆ ಕೊಳ್ಳುವ ಮೊದಲೇ ಕಂಪನಿಗೆ ಒಂದು ಇಮೇಲ್ ಬರೆಯಿರಿ. ‘ನಾಲ್ಕು ವರ್ಷ ಹಿಂದಿನ ಮಾದರಿಗೆ ಡಿರೇಲರ್ ತೂಗುಹಾಕುವ ಹ್ಯಾಂಗರ್ ಬೇಕಿತ್ತು, ಬ್ಯಾಟರಿಯ ಕೀಲಿ ಕಳೆದಿದೆ, ಎರಡೂ ಸಿಗುತ್ತವೆಯೇ?’ ಎಂದು ಕೇಳಿ. ಉತ್ತರದಲ್ಲಿ ಬಿಡಿಭಾಗದ ಸಂಖ್ಯೆ ಇರುತ್ತದೆಯೋ, ಹೊಸ ಮಾದರಿಯ ಕರಪತ್ರ ಇರುತ್ತದೆಯೋ ನೋಡಿ. ಒಂದು ವಾರ ಕಾಯಿರಿ.