ಮಂಡಿಯ ಕೆಳಗಿನ ಸಂದು

ಬಲ ಮಂಡಿಯ ಕೀಲು ಬದಲಿಸಿಕೊಂಡು ಮನೆಗೆ ಬಂದ ದಿನ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಮಂಚದ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಮೆತ್ತನೆಯ ದಿಂಬು ಇಟ್ಟುಕೊಂಡೆ. ಹಾಯೆನಿಸಿತು. ಎಂಟು ದಿನ ಹಾಗೆಯೇ ಕಳೆದೆ. ಒಂಬತ್ತನೆಯ ದಿನ ಬಂದ ಫಿಸಿಯೋಥೆರಪಿಸ್ಟ್ ದಿಂಬನ್ನು ಎಳೆದು ಪಕ್ಕಕ್ಕೆ ಹಾಕಿ, ಮಂಡಿಯ ಕೆಳಗೆ ಕೈ ತೂರಿಸಿದರು. ಮೂರು ಬೆರಳು ಸಲೀಸಾಗಿ ಹೋದವು. "ಎಡ ಮಂಡಿಯ ಕೆಳಗೆ ಹೀಗೆ ಹೋಗುತ್ತದೆಯೇ, ನೀವೇ ನೋಡಿ" ಎಂದರು. ಹೋಗಲಿಲ್ಲ.

ನೋಡಲು ಬಂದವರೆಲ್ಲ ಕಾಲು ಎಷ್ಟು ಡಿಗ್ರಿ ಮಡಚುತ್ತದೆ ಎಂದೇ ವಿಚಾರಿಸುತ್ತಿದ್ದರು. ನಾನೂ ಅದೇ ಗುಂಗಿನಲ್ಲಿದ್ದೆ. ಕುರ್ಚಿಯಲ್ಲಿ ನೆಟ್ಟಗೆ ಕೂರಲು 90 ಡಿಗ್ರಿ ಬೇಕು, ನಿಜ. ಆದರೆ ಮಂಡಿ ಪೂರ್ತಿ ನೇರವಾಗದಿದ್ದರೆ ನಡಿಗೆ ಕುಂಟುತ್ತದೆ, ತೊಡೆಯ ಸ್ನಾಯುವಿಗೆ ನಿಂತಾಗಲೂ ಬಿಡುವಿಲ್ಲ.

ಅಂದಿನಿಂದ ದಿಂಬಿನ ಜಾಗಕ್ಕೆ ಸುತ್ತಿದ ಟವೆಲ್ ಬಂತು, ಅದೂ ಹಿಮ್ಮಡಿಯ ಕೆಳಗೆ. ಮಂಡಿ ಆಸರೆಯಿಲ್ಲದೆ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಐದು ನಿಮಿಷ ಐವತ್ತಾಗಿ ಕಾಣುತ್ತಿತ್ತು. ಆಮೇಲೆ ತೊಡೆ ಬಿಗಿದು, ಮಂಡಿಯ ಹಿಂಬದಿಯಿಂದ ಹಾಸಿಗೆಯನ್ನು ಒತ್ತಿ ಐದರವರೆಗೆ ಎಣಿಸುವುದು. ಮೊದಲ ದಿನ ನಾನು ಅಪ್ಪಣೆ ಕೊಡುತ್ತಲೇ ಇದ್ದೆ, ತೊಡೆ ಮಾತ್ರ ಅಲುಗಲಿಲ್ಲ. ಊತವಿರುವಾಗ ಆ ಸ್ನಾಯು ಹೀಗೆ ಮುಷ್ಕರ ಹೂಡುವುದುಂಟಂತೆ. ಒಂದು ಕೈಯನ್ನು ಎಡ ತೊಡೆಯ ಮೇಲೆ, ಇನ್ನೊಂದನ್ನು ಬಲ ತೊಡೆಯ ಮೇಲೆ ಇಟ್ಟು, ಎರಡನ್ನೂ ಒಟ್ಟಿಗೆ ಬಿಗಿಯತೊಡಗಿದೆ. ಮೂರನೆಯ ದಿನ ಮಂಡಿಚಿಪ್ಪು ಕೂದಲೆಳೆಯಷ್ಟು ಮೇಲಕ್ಕೆ ಸರಿಯಿತು. ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಅವಳಿಗೆ ಏನೂ ಕಾಣಲಿಲ್ಲ.

ಮಡಚುವ ವ್ಯಾಯಾಮಕ್ಕೆ ಕಾಲುಚೀಲ ಹಾಕಿ, ಹಿಮ್ಮಡಿಯ ಕೆಳಗೆ ತೆಳುವಾದ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳುತ್ತಿದ್ದೆ. ಹಾಸಿಗೆಯ ಮೇಲೆ ಸರ್ರನೆ ಜಾರುತ್ತದೆ. ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸು, ಹದಿನೈದು ನಿಮಿಷ. ಬರೆದುಕೊಟ್ಟ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಲು ಹೇಳಿದ್ದರು. ಶೂರನಂತೆ ಎರಡು ದಿನ ಬಿಟ್ಟೆ. ಆ ಎರಡು ದಿನ ವ್ಯಾಯಾಮವೇ ನಡೆಯಲಿಲ್ಲ.

ಮೆಟ್ಟಿಲಿನ ಪಾಠ ಚಿಕ್ಕದು: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ವಾಕರ್ ಹಿಡಿದು ಓಡಾಡುವ ದಾರಿಯಲ್ಲಿದ್ದ ಕಾಲೊರಸುಗಳನ್ನೆಲ್ಲ ತೆಗೆಸಿದೆವು. ಒಮ್ಮೆ ಮೀನಖಂಡ ಊದಿ ನೋಯತೊಡಗಿದಾಗ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿದೆ. ರಕ್ತ ಹೆಪ್ಪುಗಟ್ಟಿರಬಹುದೆಂದು ಸ್ಕ್ಯಾನ್ ಮಾಡಿದರು, ಏನೂ ಇರಲಿಲ್ಲ. ಸುಮ್ಮನೆ ಗಾಬರಿಪಟ್ಟೆನೆಂದು ಈಗಲೂ ಅನ್ನಿಸುವುದಿಲ್ಲ.

ಹಗಲಿಗಿಂತ ರಾತ್ರಿಗಳೇ ಕಷ್ಟ. ನಿದ್ದೆ ಬಾರದೆ ಎದ್ದು, ವಾಕರ್ ಹಿಡಿದು ಎರಡು ಸುತ್ತು ನಡೆದು, ಮಲಗುವ ಮೊದಲು ಕತ್ತಲಲ್ಲೇ ಮಂಡಿಯ ಕೆಳಗೆ ಬೆರಳು ತೂರಿಸಿ ನೋಡುವುದು ಅಭ್ಯಾಸವಾಯಿತು. ಮೂರು ಎರಡಾಯಿತು, ಎರಡು ಒಂದಾಯಿತು. ಆ ಒಂದರ ಹತ್ತಿರ ವಾರಗಟ್ಟಲೆ ನಿಂತುಬಿಟ್ಟಿತು. ಮೂರನೆಯ ತಿಂಗಳಲ್ಲಿ ಒಂದು ರಾತ್ರಿ ಕಿರುಬೆರಳು ಕೂಡ ಒಳಗೆ ಹೋಗಲಿಲ್ಲ. ನಂಬಿಕೆ ಬಾರದೆ ದೀಪ ಹಾಕಿ ಮತ್ತೊಮ್ಮೆ ತೂರಿಸಿ ನೋಡಿದೆ.